ರಕ್ತವು ಮಂದವೆ, ನಾಳವು ಕಿರಿದೆ?

ಗಂಟಲಿನ ಪಕ್ಕದಲ್ಲಿ ಎರಡು ಬೆರಳುಗಳನ್ನು ಹಗುರವಾಗಿ ಇರಿಸಿದರೆ ಒಂದು ಮಿಡಿತ ತಿಳಿದುಬರುತ್ತದೆ. ಅದು ಶೀರ್ಷಧಮನಿಯ ಮಿಡಿತ. ಕತ್ತಿನ ಎಡಕ್ಕೊಂದು, ಬಲಕ್ಕೊಂದು ಇರುವ ಈ ನಾಳಗಳನ್ನು ವೈದ್ಯರು ಕೆರಾಟಿಡ್ ಎಂದು ಕರೆಯುತ್ತಾರೆ. ಮಂಪರು ಎಂಬ ಅರ್ಥವುಳ್ಳ ಗ್ರೀಕ್ ಮಾತಿನಿಂದ ಬಂದ ಹೆಸರದು. ಇವನ್ನು ಅದುಮಿದರೆ ಪ್ರಜ್ಞೆ ತಪ್ಪುವುದೆಂದು ಗ್ರೀಕರು ಬಲ್ಲವರಾಗಿದ್ದರು. (ವಾಚಕರು ಅದನ್ನು ಪರೀಕ್ಷಿಸಿ ನೋಡದಿರುವುದು ಲೇಸು.)

ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ 2 ಮಾತ್ರ. ಆದರೆ ಹೃದಯವು ಹೊರದೂಡುವ ರಕ್ತದಲ್ಲಿ ನೂರಕ್ಕೆ ಸುಮಾರು 15 ಪಾಲು ಅದಕ್ಕೆ ಸಲ್ಲಬೇಕು. ಅದರ ಬಹುಭಾಗವು ಹೋಗುವುದು ಈ ಎರಡು ನಾಳಗಳ ಮೂಲಕವೇ.

ವೃದ್ಧರಿರುವ ಮನೆಗಳಲ್ಲಿ, "ರಕ್ತ ಗಟ್ಟಿಯಾಗಿದೆಯಂತೆ, ತೆಳುವಾಗಲು ಮಾತ್ರೆ ಕೊಟ್ಟಿದ್ದಾರೆ" ಎಂಬ ಮಾತು ಆಗಾಗ ಕೇಳಿಬರುತ್ತದೆ. ಅನೇಕ ವೇಳೆ ಆ ಮಾತ್ರೆ ಆಸ್ಪಿರಿನ್. ಅದು ರಕ್ತವನ್ನು ತೆಳುಮಾಡುವುದಿಲ್ಲ. ರಕ್ತದಲ್ಲಿರುವ ಕಿರುತಟ್ಟೆಗಳು ಒಂದಕ್ಕೊಂದು ಅಂಟಿ ಹೆಪ್ಪುಗಟ್ಟದಂತೆ ತಡೆಯುತ್ತದೆ, ಅಷ್ಟೆ. ರಕ್ತದ ಮಂದತನ, ಶಾಸ್ತ್ರದ ಮಾತಿನಲ್ಲಿ ಸ್ನಿಗ್ಧತೆ, ಬೇರೆಯೇ ಸಂಗತಿ.

ರಕ್ತವು ನೀರಿಗಿಂತ ಮೂರು ನಾಲ್ಕು ಪಟ್ಟು ಮಂದ. ಇದಕ್ಕೆ ಮುಖ್ಯ ಕಾರಣ ಕೆಂಪು ಕಣಗಳು. ಗಂಡಸರಲ್ಲಿ ಅವು ರಕ್ತದ ಗಾತ್ರದಲ್ಲಿ ನೂರಕ್ಕೆ ಸುಮಾರು 45ರಷ್ಟಿರುತ್ತವೆ. ಕೆಲವು ಕಾಯಿಲೆಗಳಲ್ಲಿ ಈ ಪ್ರಮಾಣ 60ನ್ನು ಮುಟ್ಟಿದರೆ ಮಂದತನವು ಹೆಚ್ಚುಕಡಿಮೆ ಇಮ್ಮಡಿಸುತ್ತದೆ. ಆಗ ರಕ್ತವನ್ನು ಹೊರತೆಗೆಯುವ ಹಳೆಯ ಚಿಕಿತ್ಸೆ ಇಂದಿಗೂ ಉಂಟು. ಇನ್ನೊಂದು ವಿಚಿತ್ರವೆಂದರೆ, ಗಟ್ಟಿ ಮೊಸರು ಕಡಗೋಲಿಗೆ ಸಿಕ್ಕಿ ತೆಳುವಾಗುವಂತೆ, ರಕ್ತವೂ ರಭಸವಾಗಿ ಹರಿಯುವಾಗ ತೆಳುವಾಗುತ್ತದೆ. ನಿಧಾನವಾದರೆ ಕೆಂಪು ಕಣಗಳು ಅಡಕಿಟ್ಟ ನಾಣ್ಯಗಳಂತೆ ಒಂದರ ಮೇಲೊಂದು ಕೂಡಿಕೊಂಡು ಮಂದವಾಗುತ್ತದೆ.

ಆದರೂ ಮಂದತನಕ್ಕಿಂತ ನಾಳದ ಅಳತೆಯೇ ದೊಡ್ಡದು. 1840ರ ಸುಮಾರಿನಲ್ಲಿ ಫ್ರಾನ್ಸಿನ ವೈದ್ಯ ಪ್ವಾಸೆಯ್ ಎಂಬಾತನು ಕೂದಲೆಳೆಯಂಥ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಅಳೆದನು. ಅವನ ಹೆಸರಿನ ನಿಯಮದಂತೆ, ದ್ರವವು ಎರಡರಷ್ಟು ಮಂದವಾದರೆ ಹರಿವು ಅರ್ಧಕ್ಕಿಳಿಯುತ್ತದೆ. ಕೊಳವೆಯ ವ್ಯಾಸವೇ ಅರ್ಧವಾದರೆ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ! ಜೀವಂತ ದೇಹವು ಗಾಜಿನ ಕೊಳವೆಯಲ್ಲ ನಿಜ. ಕತ್ತಿನ ನಾಳವು ಒಂದೆಡೆ ಕಿರಿದಾದರೆ ಮಿದುಳಿನ ಸಣ್ಣ ನಾಳಗಳು ಹಿಗ್ಗಿ ಬಹುಕಾಲ ಸರಿದೂಗಿಸುತ್ತವೆ. ಮನುಷ್ಯನಿಗೆ ಏನೂ ತಿಳಿಯುವುದಿಲ್ಲ. ಅಪಾಯವಿರುವುದು ಅಲ್ಲಿಯೇ.

ದವಡೆಯ ಕೆಳಗೆ ಶೀರ್ಷಧಮನಿ ಕವಲೊಡೆದು, ಒಂದು ಮುಖಕ್ಕೂ ಮತ್ತೊಂದು ಮಿದುಳಿಗೂ ಹೋಗುತ್ತದೆ. ಕವಲಿನ ಹೊರಬದಿಯಲ್ಲಿ ರಕ್ತವು ಹೊಳೆಯ ತಿರುವಿನಲ್ಲಿನ ನೀರಿನಂತೆ ಸುಳಿಗೊಂಡು ನಿಧಾನಿಸುತ್ತದೆ. ಕೊಬ್ಬು ನಾಳದ ಗೋಡೆಯೊಳಗೆ ಸೇರಿ ದಡ್ಡುಗಟ್ಟುವುದು ಹೆಚ್ಚಾಗಿ ಅಲ್ಲಿ. ಆ ದಡ್ಡು ಬಿರಿದು, ಅದರ ಚೂರೋ ಮೇಲೆ ಕೂಡಿದ ಹೆಪ್ಪೋ ಮಿದುಳಿಗೆ ತೇಲಿಹೋದರೆ ಪಾರ್ಶ್ವವಾಯು. ಚೂರು ಚಿಕ್ಕದಾಗಿ ಬೇಗ ಕರಗಿದರೆ ಕೈ ಸೋಲುವುದು, ಮಾತು ತೊದಲುವುದು, ಒಂದು ಕಣ್ಣಿಗೆ ತೆರೆ ಇಳಿದಂತಾಗುವುದು. ಹತ್ತಿಪ್ಪತ್ತು ನಿಮಿಷಗಳಲ್ಲಿ ಎಲ್ಲವೂ ಸರಿಹೋಗುವುದು. ಮನೆಯವರು ಪಿತ್ತವೆಂದು ನಿಂಬೆಹಣ್ಣಿನ ಪಾನಕ ಕೊಟ್ಟು ಮಲಗಿಸುತ್ತಾರೆ.

ಲಂಡನ್ನಿನ 66 ವರ್ಷದ ಮಹಿಳೆಯೊಬ್ಬರಿಗೆ ಹೀಗೆ ಕೆಲವೇ ತಿಂಗಳುಗಳಲ್ಲಿ 33 ಸಲ ಆಗಿತ್ತು. 1954ರ ಮೇ 19ರಂದು ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಈಸ್ಟ್‌ಕಾಟ್ ಮತ್ತು ಸಂಗಡಿಗರು ಆಕೆಯ ದೇಹವನ್ನು ತಂಪುಗೊಳಿಸಿ, ಕತ್ತಿನ ಧಮನಿಯ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ತುದಿಗಳನ್ನು ಹೊಲಿದು ಕೂಡಿಸಿದರು. ಆ ಸೋಲು ಮತ್ತೆ ಬರಲಿಲ್ಲ.

ಇಂದು ನಾಳವೆಷ್ಟು ಕಿರಿದಾಗಿದೆಯೆಂಬುದನ್ನು ಕತ್ತನ್ನು ಕೊಯ್ಯದೆಯೇ, ಅಲ್ಟ್ರಾಸೌಂಡ್ ಯಂತ್ರದಿಂದ ಅಳೆಯುತ್ತಾರೆ. ಇಂಥ ಸೂಚನೆ ಕಂಡವರಲ್ಲಿ ನಾಳವು ನೂರಕ್ಕೆ 70ರಷ್ಟು ಅಥವಾ ಅದಕ್ಕೂ ಹೆಚ್ಚು ಕಿರಿದಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಸ್ಪಷ್ಟ ಲಾಭವುಂಟೆಂದು ಉತ್ತರ ಅಮೆರಿಕದ ದೊಡ್ಡ ಪರೀಕ್ಷೆಯೊಂದು 1991ರಲ್ಲಿ ತೋರಿಸಿತು. ಅದೂ ಸೂಚನೆ ಕಂಡ ಎರಡು ವಾರಗಳೊಳಗೆ ಆದರೆ ಲಾಭ ಹೆಚ್ಚು.