ಕೂಸು ಒಳಗೆ, ಕೀಲಿಕೈ ಎಲ್ಲಿ?

ಕಲ್ಯಾಣ ಮಂಟಪದ ಹೊರಗೆ ಊಟ ಮುಗಿದ ಹೊತ್ತಿನಲ್ಲಿ ಅರ್ಧ ಗಂಟೆ ನಿಂತು ನೋಡಿದರೆ ಸಾಕು, ನಮ್ಮ ಗೃಹಸ್ಥ ಜೀವನದ ಒಂದು ಹೊಸ ಚಿತ್ರ ಕಣ್ಣಿಗೆ ಬೀಳುತ್ತದೆ. ತಾಯಿಯ ಹೆಗಲ ಮೇಲೆ ಎರಡು ವರ್ಷದ ಕೂಸು ನಿದ್ದೆಗಣ್ಣಿನಲ್ಲಿ ಅಳುತ್ತಿರುತ್ತದೆ. ಅವಳ ಇನ್ನೊಂದು ಕೈಯಲ್ಲಿ ಹಾಲಿನ ಬಾಟಲಿ, ಬಟ್ಟೆಯ ಚೀಲ, ತಾಂಬೂಲದ ಚೀಲ. ತಂದೆ ಬೀಗರೊಡನೆ ಕಡೆಯ ಮಾತು ಮುಗಿಸುತ್ತಿರುತ್ತಾನೆ. ಗುಂಡಿಯೊತ್ತಿದರೆ ಕಾರಿನ ನಾಲ್ಕು ಬಾಗಿಲುಗಳ ಬೀಗವೂ ಒಮ್ಮೆಗೇ ತೆರೆಯುತ್ತದೆ. ಮಗುವಿಗೆ ಸೆಕೆಯಾದೀತೆಂದು ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕುತ್ತಾರೆ. ಕೈಚೀಲವೂ ಮೊಬೈಲೂ ಮುಂದಿನ ಆಸನದ ಮೇಲೆ ಬೀಳುತ್ತವೆ. ಆಮೇಲೆ ತಾಯಿ ಹಿಂದಿನ ಬಾಗಿಲು ತೆರೆದು ಅರ್ಧ ದೇಹವನ್ನು ಒಳಕ್ಕೆ ತೂರಿಸಿ ಕೂಸಿನ ಪಟ್ಟಿ ಬಿಗಿಯಲು ತೊಡಗುತ್ತಾಳೆ. ಅವಳ ಬೆನ್ನು ರಸ್ತೆಯ ಕಡೆಗೆ, ಕಣ್ಣು ಪಟ್ಟಿಯ ಕೊಂಡಿಯ ಮೇಲೆ, ಕಿವಿ ಮಗುವಿನ ಅಳುವಿನಲ್ಲಿ.

ಆ ಎರಡು ಮೂರು ನಿಮಿಷಗಳ ಮಟ್ಟಿಗೆ ಆ ಕಾರು ಎಲ್ಲ ಬಾಗಿಲುಗಳನ್ನೂ ತೆರೆದಿಟ್ಟು ಒಲೆ ಹೊತ್ತಿಸಿಟ್ಟ ಮನೆಯಂತೆ ಇರುತ್ತದೆ. ಮನೆಯ ವಿಷಯದಲ್ಲಿ ಎಂದೂ ಹಾಗೆ ಮಾಡದ ಜಾಗರೂಕ ಕುಟುಂಬಗಳೇ ವಾಹನದ ವಿಷಯದಲ್ಲಿ ಇದನ್ನು ದಿನನಿತ್ಯ ಮಾಡುತ್ತವೆ. ನಾನು ವಾಹನ ನಡೆಸುವವನಲ್ಲ. ಭಕ್ತರ ವಾಹನಗಳಲ್ಲಿ ಹಿಂದಿನ ಆಸನದಲ್ಲಿ ಕುಳಿತು ಊರೂರು ತಿರುಗಿದವನು. ಪಕ್ಕದಲ್ಲಿ ಕೂಸನ್ನು ಕೂರಿಸಿಕೊಂಡು ಹೋಗುವುದೂ ಉಂಟು. ಹೀಗಾಗಿ ಯಂತ್ರಕ್ಕಿಂತ ಮನುಷ್ಯರ ವರ್ತನೆಯೇ ನನ್ನ ಗಮನಕ್ಕೆ ಹೆಚ್ಚು ಬಂದಿದೆ.

ಕಾರಿನ ಕಳವು ಎಂದೊಡನೆ ಜನರಿಗೆ ನೆನಪಾಗುವುದು ಅದರ ಬೆಲೆ. ಬೆಲೆಗೆ ವಿಮೆಯುಂಟು. ಒಳಗೆ ಕುಳಿತ ಜೀವಕ್ಕೆ ಅಂಥ ಪರ್ಯಾಯವಿಲ್ಲ. 2024ರ ಜೂನ್ ತಿಂಗಳಲ್ಲಿ ದೆಹಲಿಯ ಲಕ್ಷ್ಮೀನಗರದಲ್ಲಿ ನಡೆದ ಸಂಗತಿಯನ್ನು ಪತ್ರಿಕೆಗಳಲ್ಲಿ ಅನೇಕರು ಓದಿರಬಹುದು. ತಂದೆತಾಯಿಗಳು ಇಬ್ಬರು ಮಕ್ಕಳನ್ನು ಕಾರಿನಲ್ಲಿ ಬಿಟ್ಟು ಸಿಹಿತಿಂಡಿ ಕೊಳ್ಳಲು ಅಂಗಡಿಗೆ ಹೋದರು. ಅಷ್ಟರಲ್ಲಿ ಒಬ್ಬನು ಚಾಲಕನ ಆಸನಕ್ಕೇರಿ ಮಕ್ಕಳ ಸಮೇತ ಕಾರನ್ನು ನಡೆಸಿಕೊಂಡು ಹೋದನು. ಬಿಡುಗಡೆಗೆ ಹಣವನ್ನೂ ಕೇಳಿದನು. ಪೊಲೀಸರು ರಾತ್ರಿಯಲ್ಲಿ ಗಂಟೆಗಟ್ಟಲೆ ಬೆನ್ನಟ್ಟಿದ ಮೇಲೆ ಅವನು ಕಾರನ್ನು ಬಿಟ್ಟು ಓಡಿದನು, ಮಕ್ಕಳು ಸುರಕ್ಷಿತವಾಗಿ ಮರಳಿದರು. ಆ ತಂದೆತಾಯಿಗಳನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ‘ಐದೇ ನಿಮಿಷ’ ಎಂದು ಹೇಳಿಕೊಳ್ಳದ ಕುಟುಂಬ ನಮ್ಮಲ್ಲಿ ಎಷ್ಟಿದ್ದಾವು?

ಈ ವಿಷಯದಲ್ಲಿ ಕಾನೂನು ಮೊದಲಿನಿಂದಲೂ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 126ನೆಯ ಕಲಮಿನ ಪ್ರಕಾರ, ಚಾಲಕನ ಆಸನದಲ್ಲಿ ಪರವಾನಗಿಯುಳ್ಳವರು ಇಲ್ಲದಿದ್ದರೆ ಸಾರ್ವಜನಿಕ ಸ್ಥಳದಲ್ಲಿ ವಾಹನವನ್ನು ನಿಲ್ಲಿಸುವಾಗ ಎಂಜಿನ್ ಆರಿಸಿ ಬ್ರೇಕ್ ಹಾಕಿರಬೇಕು, ಇಲ್ಲವೆ ವಾಹನವು ತಾನಾಗಿ ಚಲಿಸದಂತೆ ಬೇರೆ ವ್ಯವಸ್ಥೆ ಮಾಡಿರಬೇಕು. ಇಳಿಜಾರಿನಲ್ಲಿ ನಿಂತ ಕಾರಿನೊಳಗೆ ಕೂಸೊಂದು ಮುಂದಿನ ಆಸನಕ್ಕೆ ತೆವಳಿ ಗೇರಿನ ಕೋಲನ್ನು ಎಳೆದರೆ ಏನಾದೀತೆಂಬುದನ್ನು ಊಹಿಸಿಕೊಂಡರೆ ಈ ನಿಯಮದ ಅರ್ಥ ತಿಳಿಯುತ್ತದೆ. ಗುಂಡಿಯೊತ್ತಿ ಚಾಲೂ ಮಾಡುವ ಹೊಸ ಕಾರುಗಳಲ್ಲಿ ಇನ್ನೊಂದು ಭ್ರಮೆಯಿದೆ. ಕೀಲಿಕೈ ನನ್ನ ಜೇಬಿನಲ್ಲಿದೆ, ಇನ್ನು ಯಾರೂ ಒಯ್ಯಲಾರರು ಎಂದು ಅನೇಕರು ತಿಳಿದಿದ್ದಾರೆ. ಒಮ್ಮೆ ಚಾಲೂ ಆದ ಎಂಜಿನ್ ಸಾಮಾನ್ಯವಾಗಿ ಕೀಲಿಕೈ ದೂರ ಹೋದ ಮಾತ್ರಕ್ಕೆ ನಿಲ್ಲುವುದಿಲ್ಲ. ಎಚ್ಚರಿಕೆಯ ಸದ್ದು ಮಾಡಿ ಓಡುತ್ತಲೇ ಇರುತ್ತದೆ.

ಹಾಗಾದರೆ ಕೂಸನ್ನು ಹತ್ತಿಸುವ ಕ್ರಮ ಯಾವುದು? ಇಬ್ಬರು ಹಿರಿಯರಿದ್ದರೆ ಇದು ಸುಲಭ. ಒಬ್ಬರು ಮಗುವನ್ನು ಕೂರಿಸುವಾಗ ಇನ್ನೊಬ್ಬರು ಕಾರಿಗೆ ಬೆನ್ನು ಕೊಟ್ಟು ರಸ್ತೆಗೆ ಮುಖಮಾಡಿ ನಿಂತರಾಯಿತು. ಆ ಹೊತ್ತಿನಲ್ಲಿ ಮೊಬೈಲಿನಲ್ಲಿ ಮಾತು ಬೇಡ. ಕಷ್ಟವಿರುವುದು ಒಬ್ಬಳೇ ತಾಯಿ ಹೊರಟಾಗ. ಅಂಥ ತಾಯಂದಿರು ಕಾರಿನ ಬಳಿಗೆ ಬರುವ ಮೊದಲೇ ಕೀಲಿಕೈಯನ್ನು ತೆಗೆದಿಟ್ಟುಕೊಳ್ಳಬೇಕು. ಕಾರಿನ ಪಕ್ಕದಲ್ಲಿ ನಿಂತು ಚೀಲದೊಳಗೆ ತಡಕಾಡುವ ಕಾಲವೇ ಕಳ್ಳನಿಗೆ ಅನುಕೂಲದ ಕಾಲ. ಮಗುವನ್ನು ಎಡಗಡೆಯ, ಅಂದರೆ ಪಾದಚಾರಿ ಮಾರ್ಗದ ಕಡೆಯ ಬಾಗಿಲಿನಿಂದಲೇ ಹತ್ತಿಸಬೇಕು. ಕೆಲವು ಕಾರುಗಳಲ್ಲಿ ಗುಂಡಿಯನ್ನು ಒಮ್ಮೆ ಒತ್ತಿದರೆ ಚಾಲಕನ ಬಾಗಿಲು ಮಾತ್ರ, ಎರಡನೆಯ ಬಾರಿ ಒತ್ತಿದರೆ ಉಳಿದವು ತೆರೆಯುವಂತೆ ಏರ್ಪಡಿಸಿಕೊಳ್ಳಬಹುದು; ನಿಮ್ಮ ಕಾರಿನಲ್ಲಿ ಅದು ಉಂಟೋ ಇಲ್ಲವೋ ಎಂದು ಮಾರಿದವರನ್ನು ಕೇಳಿ ತಿಳಿಯಿರಿ. ಮಗು ಕುಳಿತು ಪಟ್ಟಿ ಬಿಗಿದ ಮೇಲೆ ಆ ಬಾಗಿಲನ್ನು ಮುಚ್ಚಿ ಅನಂತರ ಸಾಮಾನುಗಳನ್ನು ಡಿಕ್ಕಿಗೆ ಹಾಕಬೇಕು. ಇಷ್ಟು ಹೊತ್ತೂ ಕೀಲಿಕೈ ಮೈಮೇಲಿರಬೇಕು.

ಮೈಮೇಲೆ ಎಂದೆ, ಕೈಯಲ್ಲಿ ಎನ್ನಲಿಲ್ಲ. ಕೈಯಲ್ಲಿರುವುದನ್ನು ಚೀಲ ಇಳಿಸುವಾಗ ಮನುಷ್ಯನು ಎಲ್ಲಿಯಾದರೂ ಇಟ್ಟೇ ಇಡುತ್ತಾನೆ. ಸಾಮಾನಿನ ನಡುವೆ ಕೀಲಿಕೈಯನ್ನಿಟ್ಟು ಡಿಕ್ಕಿ ಮುಚ್ಚಿದವರೂ ಆಸನದ ಮೇಲೆ ಎಸೆದು ಬಾಗಿಲು ತಳ್ಳಿದವರೂ ಧಾರಾಳವಾಗಿದ್ದಾರೆ. ನಮ್ಮ ಅಜ್ಜಿಯಂದಿರು ಉಗ್ರಾಣದ ಕೀಲಿಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮನೆಯ ಕೆಲಸವನ್ನೆಲ್ಲ ಮಾಡುತ್ತಿದ್ದರು. ಮಲಗುವಾಗ ಮಾತ್ರ ಅದು ದಿಂಬಿನ ಕೆಳಗೆ ಹೋಗುತ್ತಿತ್ತು. ಸೀರೆಗೆ ಜೇಬಿಲ್ಲವೆಂಬ ಕೊರತೆಯನ್ನು ಅವರು ಎಂದೋ ನೀಗಿಸಿಕೊಂಡಿದ್ದರು. ಇಂದಿನವರು ಕೊರಳಿಗೆ ದಾರದಲ್ಲಿ ತೂಗುಹಾಕಿಕೊಂಡರೂ ಆದೀತು.

ಚಾಲಕರು ತಾವು ಕುಳಿತೊಡನೆ ಮೊದಲು ಬಾಗಿಲುಗಳ ಬೀಗ ಹಾಕಬೇಕು. ಬೆಲ್ಟು, ಕನ್ನಡಿ, ದೂರವಾಣಿ ಎಲ್ಲವೂ ಆಮೇಲೆ. ಪೇಟೆಗಳಲ್ಲಿ ಗಮನ ಬೇರೆಡೆಗೆ ಸೆಳೆದು ಕದಿಯುವವರ ಉಪಾಯಗಳು ಹಳೆಯವೇ. ‘ನಿಮ್ಮ ಗಾಡಿಯಿಂದ ಎಣ್ಣೆ ಸೋರುತ್ತಿದೆ’, ‘ನಿಮ್ಮ ದುಡ್ಡು ಕೆಳಗೆ ಬಿದ್ದಿದೆ’, ‘ಚಕ್ರದಲ್ಲಿ ಗಾಳಿಯಿಲ್ಲ’ ಎನ್ನುತ್ತಾರೆ. ಚೆಲ್ಲಿದ ಹತ್ತು ರೂಪಾಯಿಯ ನೋಟುಗಳಿಗೆ ಬಾಗಿದವರ ಹಿಂದಿನಿಂದ ಸಾವಿರಗಳ ಚೀಲ ಹೋಗುತ್ತದೆ. ಮಗು ಒಳಗಿರುವಾಗ ಇಂಥ ಮಾತಿಗೆ ಇಳಿಯಲೇಬಾರದು. ನಿಜವಾಗಿ ಗಾಳಿಯಿಲ್ಲದಿದ್ದರೂ ಸರಿಯೆ, ಬೀಗ ಹಾಕಿಕೊಂಡು ಮೆಲ್ಲಗೆ ಮುಂದಿನ ಪೆಟ್ರೋಲ್ ಬಂಕಿನವರೆಗೆ ಹೋಗಿ ಜನರಿರುವಲ್ಲಿ ನೋಡಿಕೊಳ್ಳಬೇಕು. ಒಂದು ಟಯರು ಹಾಳಾದರೆ ಆಗಲಿ.

ಅಳುವ ಮಗುವಿನ ಕೈಗೆ ಕೀಲಿಕೈ ಕೊಟ್ಟು ಸಮಾಧಾನ ಮಾಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಕಳ್ಳನಿಲ್ಲದೆಯೂ ಕಾರು ಅಪಾಯಕಾರಿಯಾಗುವುದು ಇಲ್ಲಿಯೇ. ತಾಯಿ ಬಾಗಿಲು ಮುಚ್ಚಿ ಸುತ್ತು ಹಾಕಿ ಬರುವಷ್ಟರಲ್ಲಿ ಮಗು ಗುಂಡಿಯೊತ್ತುತ್ತದೆ, ಎಲ್ಲ ಬಾಗಿಲುಗಳೂ ಬಿಗಿಯುತ್ತವೆ. ಒಳಗಿನ ಕಾವು ಏರುವ ವೇಗವನ್ನು ಜನ ಅರಿತಿಲ್ಲ. 2005ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಉಷ್ಣತೆಯು ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತು. ಅದರಲ್ಲಿ 80 ಪಾಲು ಏರಿಕೆ ಮೊದಲ ಅರ್ಧ ಗಂಟೆಯಲ್ಲಿಯೇ ಆಯಿತು. ಗಾಜನ್ನು ಸ್ವಲ್ಪ ಇಳಿಸಿಟ್ಟದ್ದರಿಂದ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಹೊರಗೆ ಹಿತವೆನಿಸುವ ದಿನವೂ ಒಳಗೆ ಮಾರಕವಾಗಬಹುದು. ಕೂಸಿನ ಮೈ ದೊಡ್ಡವರ ಮೈಗಿಂತ ಬಹಳ ಬೇಗ ಕಾಯುತ್ತದೆ.

ಮನೆಯಂಗಳದಲ್ಲಿ ನಿಂತ ಕಾರಿಗೂ ಇದೇ ಮಾತು. 2024ರ ನವೆಂಬರಿನಲ್ಲಿ ಗುಜರಾತಿನ ಅಮ್ರೇಲಿ ಜಿಲ್ಲೆಯಲ್ಲಿ, 2025ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂ ಬಳಿ, ಆಡಲೆಂದು ನಿಂತ ಕಾರಿನೊಳಗೆ ಸೇರಿದ ಮಕ್ಕಳು ಬಾಗಿಲು ತೆರೆಯಲಾಗದೆ ಉಸಿರು ಬಿಟ್ಟರು. ಒಂದೊಂದು ಕಡೆಯೂ ನಾಲ್ಕು ನಾಲ್ಕು ಮಕ್ಕಳು. ಒಂದು ಚಳಿಗಾಲದ ಹೊಸ್ತಿಲಲ್ಲಿ, ಇನ್ನೊಂದು ಬೇಸಿಗೆಯಲ್ಲಿ. ಕಳ್ಳರ ಭಯವಿಲ್ಲದ ಹಳ್ಳಿಯಲ್ಲಿಯೂ ಕಾರಿಗೆ ಬೀಗ ಹಾಕಬೇಕಾದದ್ದು ಇದಕ್ಕಾಗಿ. ಮಕ್ಕಳು ಕಾಣದಾದಾಗ ಬಾವಿ, ಕೆರೆಗಳ ಜೊತೆಗೆ ಅಂಗಳದ ಕಾರನ್ನೂ ಕೂಡಲೇ ಇಣುಕಿ ನೋಡಬೇಕು.

ಹಿಂಬಾಗಿಲಿನ ಅಂಚಿನಲ್ಲಿ ಮಕ್ಕಳಿಗೆಂದೇ ಒಂದು ಚಿಕ್ಕ ಬೀಗದ ಸನ್ನೆ ಇರುತ್ತದೆ. ಅದನ್ನು ಹಾಕಿದರೆ ಆ ಬಾಗಿಲು ಒಳಗಿನಿಂದ ತೆರೆಯದು. ಓಡುವಾಗ ಇದು ಒಳ್ಳೆಯದೇ, ಆದರೆ ಇದೇ ಸನ್ನೆ ಹಿಂದಿನ ಆಸನದಲ್ಲಿ ಒಂಟಿಯಾದ ಮಗುವಿನ ದಾರಿಯನ್ನೂ ಮುಚ್ಚುತ್ತದೆಂಬುದನ್ನು ಮರೆಯಬಾರದು. ಕಿಟಕಿಯ ಗಾಜನ್ನು ಮಗು ಆಡಿಸದಂತೆ ತಡೆಯುವ ಗುಂಡಿಯೂ ಚಾಲಕನ ಬಾಗಿಲಿನಲ್ಲಿರುತ್ತದೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಪ್ರೀತಿಯ ಬಗೆಗೆ ಬೇರೆಯೇ ಬರೆಯಬೇಕು. 2019ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗು ಬೆಲ್ಟಿನಿಂದಲೋ ಮಕ್ಕಳ ಆಸನದಿಂದಲೋ ಭದ್ರವಾಗಿರಬೇಕು, ತಪ್ಪಿದರೆ 1000 ರೂಪಾಯಿ ದಂಡವೆಂದಷ್ಟೇ ಇಲ್ಲಿ ಹೇಳುತ್ತೇನೆ.

ಇಷ್ಟಾಗಿಯೂ ಕೂಸು ಒಳಗೆ ಸಿಕ್ಕಿಕೊಂಡರೆ ಬದಲಿ ಕೀಲಿಕೈಗಾಗಿ ಊರಿಗೆ ಆಳನ್ನು ಕಳಿಸಿ ಕಾಯುತ್ತ ನಿಲ್ಲಬಾರದು. ಒಬ್ಬರು 112ಕ್ಕೆ ಕರೆ ಮಾಡಲಿ. ಮಗು ಬೆವರಿ ಬಳಲುತ್ತಿದ್ದರೆ ಯಾರ ಅಪ್ಪಣೆಯನ್ನೂ ಕಾಯದೆ ಗಾಜು ಒಡೆಯಬೇಕು. ಮುಂದಿನ ದೊಡ್ಡ ಗಾಜಿನೊಳಗೆ ಪದರವಿರುವುದರಿಂದ ಅದು ಬೇಗ ಒಡೆಯದು. ಮಗುವಿನಿಂದ ಅತಿ ದೂರದ ಪಕ್ಕದ ಕಿಟಕಿಯನ್ನು ಆರಿಸಿ, ಮೊನೆಯುಳ್ಳ ಗಟ್ಟಿ ವಸ್ತುವಿನಿಂದ ನಡುವೆ ಹೊಡೆಯದೆ ಮೂಲೆಗೆ ಹೊಡೆಯಬೇಕು. ಈ ಗಾಜು ಸಾಮಾನ್ಯವಾಗಿ ಸಣ್ಣ ಹರಳುಗಳಾಗಿ ಉದುರುತ್ತದೆ. ಕೈಗೆ ಟವೆಲ್ಲು ಸುತ್ತಿಕೊಂಡು ಒಳಗಿನ ಹಿಡಿಯನ್ನು ಎಳೆದು ಬಾಗಿಲು ತೆರೆಯಿರಿ, ಮಗುವನ್ನು ನೆರಳಿಗೆ ಒಯ್ದು ಬಟ್ಟೆ ಸಡಿಲಿಸಿ ಒದ್ದೆ ಬಟ್ಟೆಯಿಂದ ಮೈ ಒರೆಸುತ್ತ ವೈದ್ಯರ ಬಳಿಗೆ ಕರೆದೊಯ್ಯಿರಿ.