ಬಸದಿಯ ಉತಾರ

ಮಿಶ್ರಿಕೋಟಿಯ ಚಹಾದಂಗಡಿಯಲ್ಲಿ ಗೆಳೆಯರೊಬ್ಬರು ಮೊಬೈಲ್ ಚಾಚಿ ಒಂದು ಚಿತ್ರ ತೋರಿಸಿದರು. 1938ರ ನವೆಂಬರಿನಲ್ಲಿ ನಾಜಿಗಳು ಸುಟ್ಟ ಡ್ರೆಸ್ಡೆನ್ನಿನ ಯಹೂದಿ ಪ್ರಾರ್ಥನಾ ಮಂದಿರ. "ಜರ್ಮನಿಯವ್ರು ಇದನ್ನ ಮರೀಲಿಲ್ಲ ನೋಡ್ರಿ. ನಮ್ಮ ಅಣ್ಣಿಗೇರಿ ಬಸದಿ ಸುಟ್ಟದ್ದು ಯಾರಿಗರ ನೆನಪೈತೇನ್ರಿ?"

ಅವರ ಸಂಕಟ ಸುಳ್ಳಲ್ಲ. ಆದರೆ ಅಣ್ಣಿಗೇರಿಯನ್ನು ಮರೆತಿದ್ದೇವೆ ಎಂಬ ಮಾತನ್ನು ನಾನು ಒಪ್ಪಲಾರೆ.

ಆ ಬಸದಿಯನ್ನು ಕಟ್ಟಿಸಿದವನು ರಾಷ್ಟ್ರಕೂಟ ಮೂರನೆಯ ಕೃಷ್ಣನ ಭಾವ, ಗಂಗರ ಬೂತುಗ. ಅದಕ್ಕೇ ಅವನ ಬಿರುದಿನಿಂದ ಅದು ಗಂಗ ಪೆರ್ಮಾಡಿ ಜಿನಾಲಯ. ಮುಂದೆ ಚೋಳರು ಅಣ್ಣಿಗೇರಿಯಿದ್ದ ಬೆಳ್ವೊಲ ನಾಡಿಗೆ ನುಗ್ಗಿ ಅದನ್ನು ಸುಟ್ಟರು. ಸುಟ್ಟವನು ಚಾಲುಕ್ಯ ದೊರೆ ಆಹವಮಲ್ಲನಿಗೆ ಕಾಳಗದಲ್ಲಿ ತಲೆಯೊಪ್ಪಿಸಿದನೆಂದು ಗಾವರವಾಡದ ಶಾಸನ ಹೇಳುತ್ತದೆ. 1054ರಲ್ಲಿ ಕೊಪ್ಪಂನಲ್ಲಿ ಮಡಿದ ರಾಜಾಧಿರಾಜನೇ ಅವನೆಂದು ವಿದ್ವಾಂಸರ ಎಣಿಕೆ.

ಈಗ ಕೆಲವರು ಈ ಶಾಸನವನ್ನು ಹಿಡಿದು ಚೋಳರನ್ನು ಜೈನದ್ವೇಷಿಗಳೆನ್ನುತ್ತಾರೆ. ಹಾಗಿದ್ದರೆ ತಮಿಳುನಾಡಿನ ತಿರುಮಲೈಯ ಕುಂದವೈ ಜಿನಾಲಯ ಯಾರ ಹೆಸರಿನದು? ರಾಜಾಧಿರಾಜನ ಅಜ್ಜ ರಾಜರಾಜನ ಅಕ್ಕನದು. ಶತ್ರುವಿನ ನಾಡಿನಲ್ಲಿ ಅರಸರ ಗುಡಿಯೆಂದರೆ ಅರಸರ ಮೀಸೆ, ಕೈಯಿಟ್ಟದ್ದು ಅಲ್ಲಿಗೆ. ಇದೇ ರಾಜಾಧಿರಾಜ ಚಾಲುಕ್ಯರ ಕಲ್ಯಾಣಪುರವನ್ನು ಸುಟ್ಟು ಒಯ್ದ ದ್ವಾರಪಾಲಕನ ವಿಗ್ರಹದ ಮೇಲೆ ಆ ಸಂಗತಿಯನ್ನೇ ತಮಿಳಿನಲ್ಲಿ ಕೆತ್ತಿಸಿ ಬೀಗಿದ್ದಾನೆ. ಒಂದೇ ಬೆಂಕಿ, ಅಲ್ಲಿ ಬಿರುದು, ಇಲ್ಲಿ ಬೈಗುಳ. (ನಮ್ಮ ಶಾಸನಕವಿಯೂ ಒಂದು ಪಕ್ಷದವನೇ, ಬೈಯಲು ಧಾರಾಳ ಬಾಯಿ ಅವನದು.)

ಆದರೆ ಆ ಬೈಗುಳಕ್ಕಾಗಿ ಯಾರೂ ಕಲ್ಲು ಕೊರೆಯಿಸಲಿಲ್ಲ. 1071ರ ಹೊತ್ತಿಗೆ, ಅಂದರೆ ಸುಟ್ಟವನು ಸತ್ತು 17 ವರ್ಷಕ್ಕೆ, ಬೆಳ್ವೊಲವನ್ನಾಳುತ್ತಿದ್ದ ಲಕ್ಷ್ಮರಸ ಬಸದಿಯ ಜೀರ್ಣೋದ್ಧಾರ ಮಾಡಿಸಿದ. ಗಾವರವಾಡ ಬೂತುಗನ ಕಾಲದಿಂದ ಬಸದಿಗೆ ದತ್ತಿಯಾಗಿ ನಡೆದು ಬಂದ ಊರು. ಗುಡಿ ಸುಟ್ಟ ಮೇಲೆ ಹೊಲದ ಹಕ್ಕು ಯಾರದು? ಇದನ್ನು ಕಲ್ಲಿನಲ್ಲಿ ಗಟ್ಟಿ ಮಾಡಬೇಕಿತ್ತು. ಅದಕ್ಕೇ ಮೊದಲು ಕಟ್ಟಿಸಿದವರು ಯಾರು, ಕೆಡಿಸಿದವರು ಯಾರು, ಮತ್ತೆ ಎತ್ತಿದವರು ಯಾರು ಎಂದೆಲ್ಲ ಬರೆಯಿಸಿದ್ದು. ನಾವು ಶೋಕದ ಕಲ್ಲೆಂದು ಓದುವುದು ನಿಜದಲ್ಲಿ ಉತಾರ, ಹೊಲದ ಹಕ್ಕಿನ ದಾಖಲೆ. ಹೊಲವಿತ್ತು, ದೀಪಕ್ಕೆ ಎಣ್ಣೆ ಬರಬೇಕಿತ್ತು, ಹಾಗಾಗಿ ನೆನಪೂ ಉಳಿಯಿತು. ಡ್ರೆಸ್ಡೆನ್ನಿನಲ್ಲೂ ಬರೀ ಫಲಕ ಹಾಕಿ ಕೈತೊಳೆದುಕೊಳ್ಳಲಿಲ್ಲ: 2001ರಲ್ಲಿ ಹೊಸ ಮಂದಿರ ಎದ್ದಿತು, ಬೆಂಕಿ ಆರಿಸುವ ದಳದವನೊಬ್ಬ ಬಚ್ಚಿಟ್ಟು ಕಾಪಾಡಿದ್ದ ಹಳೆಯ ಮಂದಿರದ ನಕ್ಷತ್ರ ಅಲ್ಲಿ ಮತ್ತೆ ಏರಿತು.

ಇಷ್ಟನ್ನೂ ಕೇಳಿದ ಗೆಳೆಯರು ಬಶಿಯಲ್ಲಿದ್ದ ಚಹಾ ಹೀರಿ, ಎರಿ ಹೊಲದ ರೈತನಿಗೆ ಸಹಜವಾದದ್ದನ್ನೇ ಕೇಳಿದರು:

"ಹಂಗಾದ್ರ ಈಗ ಆ ಹೊಲದ ಉತಾರ ಯಾರ ಹೆಸರಲೇ ಐತ್ರಿ?"