ಅಜಿತ್ರೊಮೈಸಿನ್ ಬರೆಯುವ ಮುನ್ನ

ದಿನಕ್ಕೊಂದು ಮಾತ್ರೆ, ಮೂರೇ ದಿನಕ್ಕೆ ಚಿಕಿತ್ಸೆ ಸಮಾಪ್ತಿ ಎಂಬ ಸೌಕರ್ಯವೇ ಅಜಿತ್ರೊಮೈಸಿನ್ನನ್ನು ನಮ್ಮ ದೇಶದಲ್ಲಿ ನೆಗಡಿಗೂ ಗಂಟಲು ಕೆರೆತಕ್ಕೂ ಎರಡು ದಿನದ ಜ್ವರಕ್ಕೂ ವಿಚಾರಿಸದೆ ಬರೆಯುವ, ಅಷ್ಟೇ ಏಕೆ, ಚೀಟಿಯೇ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆಯುವ ಮದ್ದನ್ನಾಗಿ ಮಾಡಿದೆಯೆಂದು ನನಗೆ ತೋರುತ್ತದೆ. ನೆಗಡಿಯನ್ನು ತರುವ ವೈರಸ್ಸನ್ನು ಅದು ಕೊಲ್ಲಲಾರದು. ಕೋವಿಡ್ಡಿನ ದಿನಗಳಲ್ಲಿ ಅದನ್ನು ಯಥೇಚ್ಛವಾಗಿ ಕೊಟ್ಟೆವು. ಆಸ್ಪತ್ರೆ ಸೇರಿದ ರೋಗಿಗಳಿಗೆ ಅದರಿಂದ ಪ್ರಯೋಜನವಿಲ್ಲವೆಂದು ಬ್ರಿಟನ್ನಿನ 'ರಿಕವರಿ' ಪರೀಕ್ಷೆ 2021ರಲ್ಲಿ ಸ್ಪಷ್ಟಪಡಿಸಿತು.

ಫಿಲಿಪೈನ್ಸ್ ದೇಶದ ಮಣ್ಣಿನೊಳಗಿನ ಸೂಕ್ಷ್ಮಜೀವಿಯಿಂದ ದೊರೆತು 1952ರಲ್ಲಿ ಬಳಕೆಗೆ ಬಂದ ಎರಿಥ್ರೊಮೈಸಿನ್, ಅಜಿತ್ರೊಮೈಸಿನ್ ಸೇರಿದ ಮ್ಯಾಕ್ರೊಲೈಡ್ ಎಂಬ ಆಂಟಿಬಯೋಟಿಕ್ ವಂಶದ ಮೂಲಪುರುಷ. ಅದರ ಅಣುವನ್ನೇ ಮಾರ್ಪಡಿಸಿ ಜಾಗ್ರೆಬ್ ನಗರದ ಪ್ಲಿವಾ ಸಂಸ್ಥೆಯ ರಸಾಯನಶಾಸ್ತ್ರಜ್ಞರು 1980ರಲ್ಲಿ ಅಜಿತ್ರೊಮೈಸಿನ್ನನ್ನು ರೂಪಿಸಿದರು. ಅಂಗಾಂಶಗಳಲ್ಲಿ ಆಳವಾಗಿ ಸೇರಿ, ಅರ್ಧಕ್ಕೆ ಇಳಿಯಲು ಸುಮಾರು 68 ಗಂಟೆ ಹಿಡಿಯುವುದು ಅದರ ವಿಶೇಷ ಗುಣ. ಮೂರು ದಿನದ ಚಿಕಿತ್ಸೆ ಸಾಕಾಗುವುದೂ ಆ ಗುಣದಿಂದಲೇ, ಕ್ಷೀಣ ಪ್ರಮಾಣದಲ್ಲಿ ಬಹುದಿನ ಉಳಿದು ಬ್ಯಾಕ್ಟೀರಿಯಾಗಳಿಗೆ ಪ್ರತಿರೋಧವನ್ನು ಗಳಿಸಿಕೊಳ್ಳುವ ಅವಕಾಶ ಒದಗುವುದೂ ಆ ಗುಣದಿಂದಲೇ.

ಈ ಪ್ರತಿರೋಧ ಎಂದೋ ಬರಬಹುದಾದ ವಿಪತ್ತಲ್ಲ. 2016ರಿಂದ ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ ಹಬ್ಬಿದ ಟೈಫಾಯಿಡ್, ಸಿಪ್ರೊಫ್ಲಾಕ್ಸಸಿನ್ ಮಾತ್ರೆಗೂ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ನಿಗೂ ಬಗ್ಗದೆ ಹೋದಾಗ, ಬಾಯಿಂದ ನುಂಗಿ ಗುಣ ಹೊಂದಬಹುದಾದ ಔಷಧವಾಗಿ ವೈದ್ಯರ ಕೈಯಲ್ಲಿ ಉಳಿದುದು ಅಜಿತ್ರೊಮೈಸಿನ್ ಒಂದೇ. ಒಂದು ಜೀನಿನ ಅಲ್ಪ ಬದಲಾವಣೆಯಿಂದ ಅದಕ್ಕೂ ಮಣಿಯದ ಟೈಫಾಯಿಡ್ ಬ್ಯಾಕ್ಟೀರಿಯಾಗಳನ್ನು ಬಾಂಗ್ಲಾದೇಶದ ಸಂಶೋಧಕರು 2019ರಲ್ಲಿ ವರದಿ ಮಾಡಿದರು. ಕುಡಿಯುವ ನೀರಿಗೆ ಚರಂಡಿ ಬೆರೆಯುವ ಊರುಗಳು ಇನ್ನೂ ಉಳಿದಿರುವ ನಮ್ಮ ನಾಡಿಗೆ ಇದು ಪರಕೀಯರ ಸಂಕಟವೆ? ಹೊಲಗದ್ದೆಗಳಿಂದ ಬರುವ ಸ್ಕ್ರಬ್ ಟೈಫಸ್ ಗರ್ಭಿಣಿಗೆ ತಗಲಿದಾಗ ವೈದ್ಯರು ಮೊದಲು ನೆನೆಯುವುದೂ ಈ ಮಾತ್ರೆಯನ್ನೇ. ಅವಳ ಪಾಲಿನ ಔಷಧವನ್ನು ನಾವು ನೆಗಡಿಗೆ ವ್ಯಯ ಮಾಡುತ್ತಿದ್ದೇವೆ.

ರೋಗಿಯ ಕ್ಷೇಮದ ಪ್ರಶ್ನೆಯೂ ಉಂಟು. ಹೃದಯದ ವಿದ್ಯುತ್ ಲಯವನ್ನು ಕೆಡಿಸಿ ಪ್ರಾಣಾಪಾಯ ತರಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2013ರಲ್ಲಿ ಎಚ್ಚರಿಸಿದರು. ಇಂಥ ಅನಾಹುತ ಅಪರೂಪ. ಆದರೆ ಹೃದ್ರೋಗಿಗೆ, ರಕ್ತದಲ್ಲಿ ಪೊಟ್ಯಾಸಿಯಮ್ ಇಳಿದವರಿಗೆ, ಲಯ ಸರಿಪಡಿಸುವ ಮಾತ್ರೆ ನುಂಗುವವರಿಗೆ ಅದು ಅಷ್ಟು ಅಪರೂಪವಲ್ಲ. ಈ ವಂಶದ ಕ್ಲಾರಿಥ್ರೊಮೈಸಿನ್ನಂತೂ ಕೊಲೆಸ್ಟರಾಲಿಗೆ ಕೊಡುವ ಸಿಮ್ವಸ್ಟಾಟಿನ್ ಜೊತೆಗೂಡಿದರೆ ಮಾಂಸಖಂಡಗಳನ್ನೇ ಕರಗಿಸಬಲ್ಲದು. ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರಿ, ಎಂದಾದರೂ ಎಚ್ಚರ ತಪ್ಪಿ ಬಿದ್ದದ್ದುಂಟೆ ಎಂದು ಕೇಳಲು ಅರ್ಧ ನಿಮಿಷ ಸಾಕು.

ಆಂಟಿಬಯೋಟಿಕ್ ಬರೆಯುವಾಗ ಅದರ ಕಾರಣವನ್ನೂ ಚೀಟಿಯಲ್ಲಿ ನಮೂದಿಸಬೇಕೆಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು 2024ರ ಜನವರಿಯಲ್ಲಿ ವೈದ್ಯರನ್ನು ಕೋರಿದರು. ನೂರಾರು ರೋಗಿಗಳು ಸಾಲುನಿಂತ ಹೊರರೋಗಿ ವಿಭಾಗದಲ್ಲಿ ಇದು ಹೊರೆಯೆಂಬ ಆಕ್ಷೇಪವನ್ನು ನಾನು ಲಘುವಾಗಿ ಕಾಣಲಾರೆ. ಆದರೂ 'ಟೈಫಾಯಿಡ್' ಎಂಬ ಒಂದು ಪದ ಬರೆಯಲು ಕೈ ಹಿಂಜರಿಯುವುದಾದರೆ ಮಾತ್ರೆಯ ಹೆಸರು ಬರೆಯಲೂ ಅದು ಹಿಂಜರಿಯಬೇಕು. ನಮ್ಮ ಆರೋಗ್ಯ ಇಲಾಖೆ ಸರ್ಕಾರಿ ಆಸ್ಪತ್ರೆಗಳ ಚೀಟಿಯಲ್ಲಿ 'ಕಾರಣ' ಎಂಬ ಒಂದು ಅಂಕಣವನ್ನು ಮುದ್ರಿಸಲಿ. ಖಾಸಗಿ ವೈದ್ಯರ ಚೀಟಿಯಲ್ಲಿ ಅದು ಕಾಣದಿದ್ದರೆ ರೋಗಿಯೇ ಕೇಳಿ ಬರೆಯಿಸಿಕೊಳ್ಳಲಿ.